ಸೈಡ್‌ವಿಂಗಿನಲ್ಲಿ ನಿಂತು ಕಂಡದ್ದು

ಡಾ. ರುದ್ರಮುನಿಯವರ ಪುಸ್ತಕವನ್ನು ಓದದವರಿಗೂ ಅದರ ಮೂರನೆಯ ಪುಟ ಗೊತ್ತಿತ್ತು. ಕನ್ನಡದಲ್ಲಿ ನಾಟಕದ ಬಗ್ಗೆ ಗಂಭೀರವಾಗಿ ಮಾತಾಡುವವರು ಹೆಚ್ಚೆಂದರೆ ನಾನೂರು ಜನ ಇರಬಹುದು. ಅವರಲ್ಲಿ ಮುನ್ನೂರೈವತ್ತು ಜನ ಆ ಪುಟವನ್ನು ಯಾವುದಾದರೂ ವೇದಿಕೆಯ ಮೇಲೆ ಉದ್ಧರಿಸಿದ್ದರು. ಉಳಿದ ಐವತ್ತು ಜನ ಅದು ತಮಗೇ ಆದ ಅನುಭವ ಎಂಬಂತೆ ಹೇಳಿಕೊಂಡು ತಿರುಗಿದ್ದರು.

ಪುಟದಲ್ಲಿದ್ದದ್ದು ಇಷ್ಟೇ. ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ ಅರಸೀಕೆರೆಯಲ್ಲಿ ಒಂದು ನಾಟಕ ಕಂಪನಿ ಟೆಂಟು ಹಾಕಿತ್ತು. ಮಗ ಸಾಯುವ ನಾಟಕ. ತಾಯಿಯ ಪಾತ್ರದ ಶಾಂತವ್ವ ಎಂಬ ನಟಿ ರಂಗದ ಪಕ್ಕದ ಮರೆಯಾದ ಸೈಡ್‌ವಿಂಗಿನಲ್ಲಿ ಟ್ರಂಕಿನ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಹಾರ್ಮೋನಿಯಂ ಸ್ವರ ಹಿಡಿಯಿತು. ಮೊರ ಕೆಳಗಿಟ್ಟು ರಂಗಕ್ಕೆ ಹೋದಳು, ಮಗನ ಹೆಣದ ಮೇಲೆ ಬಿದ್ದು ಅತ್ತಳು, ಎಂಟುನೂರು ಜನರನ್ನು ಅಳಿಸಿದಳು. ಪರದೆ ಬಿತ್ತು. ವಾಪಸು ಬಂದು ಬಿಟ್ಟಲ್ಲಿಂದ ಅಕ್ಕಿ ಆರಿಸತೊಡಗಿದಳು. ‘ಕಣ್ಣೀರು ಇನ್ನೂ ಕೆನ್ನೆಯ ಮೇಲಿತ್ತು, ಬೆರಳು ಆಗಲೇ ಕಲ್ಲು ಹುಡುಕುತ್ತಿತ್ತು’ ಎಂದು ರುದ್ರಮುನಿಯವರು ಬರೆದಿದ್ದರು. ಅಲ್ಲಿಂದ ಮುಂದಕ್ಕೆ ಇನ್ನೂರ ಹನ್ನೊಂದು ಪುಟಗಳ ಕಾಲ, ಮೂವರು ಫ್ರೆಂಚರು ಮತ್ತು ಇಬ್ಬರು ಜರ್ಮನರ ನೆರವಿನಿಂದ, ನಟನಿಗೆ ಭಾವವಿಲ್ಲ, ಭಾವಕ್ಕೆ ನಟ ಬರೀ ಹಾದಿ, ‘ನಾನು’ ಎಂಬುದನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಬಂದವನೇ ನಟ ಎಂದು ಸಾಧಿಸಿದ್ದರು. ‘ಯಾರೂ ಇಲ್ಲದ ರಂಗ’ ಎಂದು ಪುಸ್ತಕದ ಹೆಸರು. ಅದು ಎಂ.ಎ.ಗೆ ಪಠ್ಯವಾಗಿ, ಹತ್ತು ಅಂಕಗಳ ಪ್ರಶ್ನೆಯಾಗಿ, ಕೊನೆಗೆ ಗೈಡೂ ಆಗಿತ್ತು.

ಹೇಳಿದ ತತ್ವಕ್ಕೆ ತಕ್ಕಂತೆ ಇಡೀ ಪುಸ್ತಕದಲ್ಲಿ ತಮ್ಮನ್ನೇ ಕುರಿತು ‘ನಾನು’ ಎಂಬ ಮಾತನ್ನು ಅವರು ಒಂದೇ ಒಂದು ಸಲ ಬಳಸಿದ್ದರು. ಅದೂ ಮೂರನೆಯ ಪುಟದಲ್ಲೇ. ‘ನಾನು ಸೈಡ್‌ವಿಂಗಿನಲ್ಲಿ ನಿಂತು ನೋಡುತ್ತಿದ್ದೆ.’

ಆ ಒಂದು ವಾಕ್ಯ ಸುಳ್ಳು.

ಅಕ್ಕಿ ಸುಳ್ಳಲ್ಲ, ಮೊರ ಸುಳ್ಳಲ್ಲ, ಶಾಂತವ್ವನಂತೂ ಅಲ್ಲವೇ ಅಲ್ಲ. ಆದರೆ ಪರದೆ ಎದ್ದು ಬೀಳುವ ನಡುವಿನ ಹನ್ನೆರಡು ನಿಮಿಷ ಸೈಡ್‌ವಿಂಗಿನಲ್ಲಿ ಯಾರೂ ನಿಂತಿರಲಿಲ್ಲ. ಕಂಪನಿಗಳ ಮೇಲೆ ಪ್ರಬಂಧ ಬರೆಯಲು ನೋಟ್‌ಬುಕ್ಕು ಹಿಡಿದು ಎರಡು ದಿನದಿಂದ ಮ್ಯಾನೇಜರನ ಹಿಂದೆ ತಿರುಗುತ್ತಿದ್ದ, ಇಪ್ಪತ್ತೊಂದು ವರ್ಷದ ಹೊಸದುರ್ಗದ ಹುಡುಗನೊಬ್ಬ ಆ ಹೊತ್ತಿನಲ್ಲಿ ರಂಗದ ನಟ್ಟನಡುವೆ ಮಲಗಿದ್ದ. ಮಗನ ಪಾತ್ರದವನಿಗೆ ಕಾಮಾಲೆಯಾಗಿತ್ತು. “ಏ ಎಂ.ಎ., ನೀನು ಬರೀ ಮಲಕ್ಕಂಡಿದ್ರೆ ಸಾಕು ಕಣಯ್ಯಾ, ಉಸಿರು ಮಾತ್ರ ಮೆತ್ತಗೆ ಬಿಡು,” ಎಂದಿದ್ದ ಮ್ಯಾನೇಜರ್. ಹುಡುಗ ಮಲಗಿದ. ಉಸಿರನ್ನು ಮೆತ್ತಗೇ ಬಿಟ್ಟ. ಯಾವುದೋ ಹೆಂಗಸು ಎದೆಯ ಮೇಲೆ ಬಿದ್ದು, ಮಗನೇ, ನಿನ್ನ ಬಿಟ್ಟು ಯಾವ ಬಾಗಿಲಿಗೆ ಹೋಗಲೋ ಎಂದು ಕೂಗಿದ್ದೇ ತಡ, ಅವನ ಮುಚ್ಚಿದ ಕಣ್ಣುಗಳಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಬಿಳಿ ಪೌಡರು ಬಳಿದ ಕೆನ್ನೆಯ ಮೇಲೆ ಎರಡು ಕಾಲುವೆ. ನೆಲದ ಟಿಕೆಟಿನ ಕಡೆಯಿಂದ ಒಬ್ಬ ಕೂಗಿದ: “ಲೇ, ಹೆಣ ಅಳ್ತೈತೆ ಕಣ್ರಲೇ!”

ಟೆಂಟು ನಕ್ಕಿತು. ಎಂಟುನೂರು ಜನ ನಗುವುದನ್ನು ಬೆನ್ನ ಕೆಳಗಿನ ಹಲಗೆಯಲ್ಲಿ ಕೇಳಿಸಿಕೊಂಡವರಿಗೆ ಮಾತ್ರ ಆ ನಗು ಎಂಥದೆಂದು ಗೊತ್ತು. ಶಾಂತವ್ವ ಸೆರಗೆಳೆದು ಅವನ ಮುಖ ಮುಚ್ಚಿ, ಸ್ವರವನ್ನು ಹಾರ್ಮೋನಿಯಮ್ಮಿನ ಒಂದು ಮನೆ ಮೇಲಕ್ಕೇರಿಸಿ, ಎರಡು ನಿಮಿಷದಲ್ಲಿ ಅದೇ ಜನರ ಮೂಗು ಒರೆಸಿಸಿದಳು. ಹುಡುಗ ಬೆಳಗಿನ ಮೊದಲ ಬಸ್ಸು ಹತ್ತಿದ.

ರುದ್ರಮುನಿಯವರನ್ನು ನಲವತ್ತು ವರ್ಷ ಕಾಡಿದ್ದು ಆ ನಗುವಲ್ಲ. ಬೇರೆ ಯಾವ ಪಾತ್ರವಾಗಿದ್ದರೂ ಕಣ್ಣೀರನ್ನು ಪಾತ್ರದ ಲೆಕ್ಕಕ್ಕೆ ಹಾಕಬಹುದಿತ್ತು. ಹೆಣಕ್ಕೆ ಭಾವವೇ ಇಲ್ಲ. ಆದ್ದರಿಂದ ಆ ಕಣ್ಣೀರಿಗೆ ಆ ಹುಡುಗನ ವಿನಾ ಬೇರೆ ವಾರಸುದಾರರಿರಲಿಲ್ಲ. ಏಕೆ ಅತ್ತೆ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಬದಲು ಅವನು ಪಿಎಚ್.ಡಿ. ಮಾಡಿದ.

*

ಈಗ ಅರವತ್ತೊಂದು. ನಿವೃತ್ತಿ, ಹಾವನೂರು ಸರ್ಕಲ್ಲಿನ ಹಿಂದೆ ಸ್ವಂತ ಮನೆ, ಬೆಳಿಗ್ಗೆ ಪಾರ್ಕಿನಲ್ಲಿ ಆರು ಸುತ್ತು. ಪುಸ್ತಕದ ಮೂರನೆಯ ಮುದ್ರಣ ಭಾನುವಾರ ರಾಜಾಜಿನಗರದ ಒಂದು ಮಿನಿ ಹಾಲಿನಲ್ಲಿ ಬಿಡುಗಡೆಯಾಗುವುದಿತ್ತು. ಮಂಗಳವಾರ ಅನಘಾ ಫೋನು ಮಾಡಿದಳು. ಹಗಲು ಯಾವುದೋ ಕಂಪನಿಯಲ್ಲಿ ಎಚ್‌ಆರ್, ಸಂಜೆ ನಾಟಕದ ನಿರ್ದೇಶಕಿ. ಆ ಪುಸ್ತಕವನ್ನು ಓದಿಯೇ ನಾಟಕಕ್ಕೆ ಬಂದವಳು. ಕಾರ್ಯಕ್ರಮವನ್ನು ಮೈಮೇಲೆ ಹಾಕಿಕೊಂಡವಳೂ ಅವಳೇ.

“ಸಾರ್, ಕೂತಿದೀರಾ? ಕೂತ್ಕೊಳ್ಳಿ. ಶಾಂತವ್ವ ಸಿಕ್ಕಿದ್ರು!”

“ಯಾವ ಶಾಂತವ್ವ?” ಎಂದರು ರುದ್ರಮುನಿಯವರು. ಬೇರೆ ಯಾವಳೋ ಶಾಂತವ್ವ ಆಗಿರಲಿ ಎಂಬ ಆಸೆಯಿಂದ.

“ಅಕ್ಕಿ ಆರಿಸೋ ಶಾಂತವ್ವ ಸಾರ್! ಕಾಮಾಕ್ಷಿಪಾಳ್ಯದಲ್ಲಿದಾರೆ, ನಂಬ್ತೀರಾ? ನಮ್ ಕಾಸ್ಟ್ಯೂಮ್ ಹೊಲಿಯೋ ಜಗದಾಂಬಾ ಆಂಟಿ ಅಮ್ಮ. ಗೋಡೆ ಮೇಲೆ ಫೋಟೋ ನೋಡಿ ಕೇಳ್ದೆ. ಸಂಡೇ ಸ್ಟೇಜಿಗೆ ಕರ್ಸೋಣ ಸಾರ್. ಅದಕ್ಕೆ ಮುಂಚೆ ನಾವು ಒಂದ್ಸಲ ಹೋಗಿ ಬರ್ಬೇಕು. ನಿಮಗೆ ಎಷ್ಟು ಖುಷಿ ಆಗ್ಬೇಡ!”

ಅವರು ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಿಸಿ, “ಬಹಳ ಸಂತೋಷ,” ಎಂದರು. ನಟಿ ಬದುಕಿರಬಹುದೆಂಬ ಸಾಧ್ಯತೆಯನ್ನು ಪುಸ್ತಕದ ಯಾವ ಅಧ್ಯಾಯದಲ್ಲೂ ಅವರು ಪರಿಗಣಿಸಿರಲಿಲ್ಲ.

ಹೆಂಡತಿ ಗಿರಿಜಾದೇವಿ ಅವರ ಮುಖ ನೋಡಿ, “ಯಾರು ಹೋಗ್ಬಿಟ್ರು?” ಎಂದು ಕೇಳಿದರು.

“ಯಾರೂ ಹೋಗಿಲ್ಲ. ಒಬ್ರು ಇದ್ದಾರಂತೆ.”

“ಅದಕ್ಕೆ ಇಷ್ಟು ದುಃಖವಾ?”

*

ಕೆಳಗೆ ಕಬ್ಬಿಣ ಕಡೆಯುವ ಲೇತು ಮಷೀನು, ಮೇಲೆ ಶಾಂತವ್ವನ ಒಂದೇ ಕೋಣೆಯ ಮನೆ. ಲೇತು ಓಡಿದಾಗ ನೆಲ ಸಣ್ಣಗೆ ನಡುಗಿ ಸ್ಟೂಲಿನ ಮೇಲಿನ ಲೋಟ ತಾನಾಗಿ ಅಂಚಿಗೆ ಸರಿಯುತ್ತಿತ್ತು. ಅದನ್ನು ನೋಡದೆಯೇ ಶಾಂತವ್ವ ಕೈಚಾಚಿ ಹಿಂದಕ್ಕೆ ತಳ್ಳುತ್ತಿದ್ದಳು. ಎಪ್ಪತ್ತಾರು ವರ್ಷದ ಪುಟ್ಟ ಮುದುಕಿ. ಕನ್ನಡಕಕ್ಕೆ ದಾರ ಕಟ್ಟಿದ್ದಳು. ಇಪ್ಪತ್ತು ವರ್ಷ ಮಾಗಡಿ ರೋಡಿನಲ್ಲಿದ್ದರೂ ಗದಗಿನ ಮಾತು ಒಂದು ಕೂದಲಷ್ಟೂ ಅಲುಗಿರಲಿಲ್ಲ.

“ಬರ್ರಿ ಬರ್ರಿ. ಕುರ್ಚಿ ಒಂದ ಐತಿ. ದೊಡ್ಡವರು ಕೂಡ್ರಿ, ಹುಡುಗಿ ನೆಲಕ್ಕ ಕೂಡ್ರತಾಳ. ಮಗಳು ಗಾರ್ಮೆಂಟ್ಸಿಗೆ ಹೋಗ್ಯಾಳ. ಚಾ ನಾನ ಮಾಡ್ತೀನಿ, ಸಕ್ರಿ ಕಮ್ಮಿ ಬೇಕನ್ನೂರು ಈಗ ಹೇಳ್ರಿ.”

ಅವರನ್ನು ಅವಳು ಗುರುತಿಸಲಿಲ್ಲ. ಹೇಗೆ ಗುರುತಿಸಿಯಾಳು, ಅವಳು ನೋಡಿದ್ದು ಪೌಡರು ಬಳಿದ ಇಪ್ಪತ್ತೊಂದು ವರ್ಷದ ಹೆಣವನ್ನು. ರುದ್ರಮುನಿಯವರ ಎದೆಯಿಂದ ಒಂದು ಭಾರ ಇಳಿಯಿತು. ಇಳಿದದ್ದು ಗೊತ್ತಾಗಿ ಅಲ್ಲೇ ಮೊದಲ ನಾಚಿಕೆ ಹತ್ತಿತು.

ಅನಘಾ ಚೀಲದಿಂದ ಪುಸ್ತಕ ತೆಗೆದು, ಮೂರನೆಯ ಪುಟವನ್ನು ಗಟ್ಟಿಯಾಗಿ, ಭಾವ ತುಂಬಿ ಓದಿದಳು. ಭಾವ ತುಂಬಬಾರದೆಂದು ಪುಸ್ತಕ ಹೇಳುವ ಭಾಗಕ್ಕೆ ಇನ್ನೂ ಹೆಚ್ಚು ತುಂಬಿದಳು. ಶಾಂತವ್ವ ಬನ್ನನ್ನು ಚಹಾದಲ್ಲಿ ಅದ್ದಿ ತಿನ್ನುತ್ತ ಕೇಳಿದಳು.

“‘ಆ ಕ್ಷಣದಲ್ಲಿ ನಟಿಯೊಳಗೆ ಯಾರೂ ಇರಲಿಲ್ಲ,’” ಎಂದು ಅನಘಾ ಮುಗಿಸಿದಳು.

“ಯಾರೂ ಇರಲಿಲ್ಲ ಅಂದ್ರ?” ಎಂದಳು ಶಾಂತವ್ವ. “ನಾ ಎಲ್ಲಿ ಹೋಗಿದ್ನಿ?”

ರುದ್ರಮುನಿಯವರು ಗಂಟಲು ಸರಿಮಾಡಿಕೊಂಡರು. “ಅದು ಒಂದು ತಾತ್ವಿಕ ಅರ್ಥದಲ್ಲಿ ಹೇಳಿದ್ದಮ್ಮ.”

“ಹಂಗೇನ್ರೀ? ಇರಲಿ. ನಾ ಮಾತ್ರ ಅಲ್ಲೇ ಇದ್ದೆ. ಸೊಂಟ ನೋಯ್ತಿತ್ತು.” ಬನ್ನಿನ ಕೊನೆಯ ತುಂಡು ನುಂಗಿದಳು. “ಮತ್ತ ಅಕ್ಕಿ ಕೆಲಸಿಲ್ಲದ ಆರಿಸ್ತಿದ್ನಿ ಅಂತ ತಿಳದೀರೇನು? ಕಂಪನ್ಯಾಗ ಅಡಿಗಿಗೆ ಬ್ಯಾರೆ ಮಂದಿ ಇದ್ರು.”

“ಮತ್ತೆ ಯಾಕಜ್ಜಿ?” ಎಂದು ಅನಘಾ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿದಳು.

“ನೋಡವಾ, ಜೀವಂತ ಇರೂ ಮನಶ್ಯಾನ ಮ್ಯಾಲ ಬಿದ್ದು ಸತ್ತೀ ಸತ್ತೀ ಅಂತ ದಿನಾ ಅತ್ತರ ಅದು ಅವನ ಜೀವಕ್ಕ ಹತ್ತತೈತಿ. ಹತ್ತಬಾರದಂತ ನಮ್ಮ ಕಂಪನ್ಯಾಗ ಒಂದ ಪದ್ಧತಿ. ಹೆಣ ಆಗೂವನ ಹೆಸರ ಹೇಳಿ, ಅಳೂವಾಕಿ ಒಂದ ಬೊಗಸಿ ಅಕ್ಕಿ ಆರಿಸಬೇಕು. ಒಂದ ಕಾಳಿಗೆ ಒಂದ ಸಲ ಹೆಸರು. ಅರ್ಧಾ ಒಳಗ ಹೋಗೂಕಿಂತ ಮೊದಲ, ಅರ್ಧಾ ಬಂದ ಮ್ಯಾಲ. ಮುಂಜಾನೆ ಅದ ಅಕ್ಕಿ ಅನ್ನ ಮಾಡಿ ಅವಂಗ ಉಣ್ಣಾಕ ಹಾಕೂದು. ಉಂಡನಂದ್ರ ಮುಗೀತು, ಅವ ಬದಕಿದಂಗ.”

ಲೋಟ ಅಂಚಿಗೆ ಬಂದಿತ್ತು. ತಳ್ಳಿದಳು.

“ಅವತ್ತೂ ಹಾಗೇ ಮಾಡಿದ್ರಾ?”

“ಅವತ್ತಿಂದಽ ಪಂಚಾಯ್ತಿ ನೋಡವಾ. ದಿನದ ಹುಡುಗಗ ಕಾಮಣಿ. ಯಾವನೋ ಕಾಲೇಜ ಹುಡುಗನ್ನ ತಂದು ಮಲಗಿಸಿದ್ರು. ಹೆಸರ ಕೇಳಾಕ ಟೈಮ ಎಲ್ಲೈತಿ? ಕೈ ಹೆಂಗ ಇಡಬೇಕಂತ ಅಷ್ಟ ಹೇಳಿಕೊಟ್ಟೆ. ಮಗನ, ಮಗನ ಅಂತ ಆರಿಸಿದೆ. ಹಂಗ ಆರಿಸಿದ್ದು ನಡಿಯಂಗಿಲ್ಲ, ಹೆಸರ ಬೇಕು. ಅದೋ, ಮಲಗಿದ್ದು ಅಳಾಕ ಹತ್ತಿಬಿಡ್ತು ಪಾಪ. ಮಂದಿ ನಕ್ಕರು. ಮುಂಜಾನೆ ಅನ್ನ ಮಾಡಿ, ಹೆಸರ ಕೇಳೂಣಂತ ತಾಟ ಹಿಡಕೊಂಡ ಹೋದ್ರ ಹುಡುಗ ಹೋಗೇಬಿಟ್ಟಾನ. ಅನ್ನ ಆಕಳಿಗೆ ಹಾಕಿದೆ. ಒಂದೊಂದ ಸಲ ಈಗೂ ನೆನಪಾಗತೈತಿ. ಇದ್ದಾನೋ ಇಲ್ಲೋ.”

ಕರೆಂಟು ಹೋಯಿತು. ಕೆಳಗೆ ಲೇತು ಗೊರಗೊರ ಎಂದು ನಿಂತಿತು. ಶಾಂತವ್ವ ಕನ್ನಡಕ ಸರಿಮಾಡಿಕೊಂಡು ಕುರ್ಚಿಯತ್ತ ನೋಡಿದಳು.

“ನೀವು ಅವತ್ತ ಅಲ್ಲೇ ನಿಂತಿದ್ರಂತ ಬುಕ್ಕಿನ್ಯಾಗ ಐತೆಲ್ಲರೀ. ಆ ಹುಡುಗನ ಹೆಸರ ನಿಮಗ ಗೊತ್ತೇನು?”

ನಲವತ್ತು ವರ್ಷದಲ್ಲಿ ಇಂಥ ಸುಲಭದ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ನಾಲ್ಕು ಅಕ್ಷರದ ಉತ್ತರ. ಅನಘಾ ಫೋನು ಅವರ ಕಡೆ ತಿರುಗಿಸಿದಳು.

“ಇಲ್ಲಮ್ಮ,” ಎಂದರು ರುದ್ರಮುನಿಯವರು. “ನಾನು ಅಷ್ಟು ಗಮನಿಸ್ಲಿಲ್ಲ.”

*

ಆಟೋದಲ್ಲಿ ಅನಘಾಳ ಬಾಯಿಗೆ ಬಿಡುವೇ ಇರಲಿಲ್ಲ. “ಸಾರ್, ಬೇಜಾರು ಮಾಡ್ಕೋಬೇಡಿ, ಇದು ನಿಮ್ಮ ಥಿಯರಿನೇ ಉಲ್ಟಾ ಮಾಡುತ್ತೆ. ನೀವು ಯಾರೂ ಇಲ್ಲ ಅಂದ್ಕೊಂಡ ಜಾಗದಲ್ಲಿ ಅವ್ರು ಒಬ್ಬ ಹುಡುಗನ ಜೀವ ಕಾಯ್ತಾ ಕೂತಿದ್ರು! ಆ ಹುಡುಗ ಯಾರು ಅಂತ ಹುಡುಕ್ಬೇಕು ಸಾರ್. ಕಾಲೇಜ್ ಹುಡುಗ ಅಂದ್ರೆ ನಿಮ್ ಬ್ಯಾಚೇ ಇರ್ಬೇಕು ಅಲ್ವಾ?”

“ಇರಬಹುದು.”

“ಪಾಪ, ಎಷ್ಟು ಅವಮಾನ ಆಗಿರುತ್ತೆ. ನಾಟಕದ ಸಹವಾಸನೇ ಬೇಡ ಅಂತ ಬಿಟ್ಟಿರ್ತಾನೆ.”

“ಬಿಟ್ಟಿರಬಹುದು,” ಎಂದರು. ಎಡಕ್ಕೆ ಹೌಸಿಂಗ್ ಬೋರ್ಡು ದಾಟಿತು. ಇಳಿಸಂಜೆಯ ಟ್ರಾಫಿಕ್ಕಿನಲ್ಲಿ ಆಟೋದವನು ಎಲ್ಲರ ತಾಯಂದಿರನ್ನೂ ವಿಚಾರಿಸಿಕೊಳ್ಳುತ್ತಿದ್ದ. ಭಾವವಿಲ್ಲದ ಮುಖವೊಂದನ್ನು ಇಟ್ಟುಕೊಂಡು ಕೂರುವುದು ಎಷ್ಟು ಕಷ್ಟವೆಂದು ತಮ್ಮ ಪುಸ್ತಕದ ಯಾವ ಅಡಿಟಿಪ್ಪಣಿಯಲ್ಲೂ ಬರೆದಿಲ್ಲವಲ್ಲ ಎಂದು ರುದ್ರಮುನಿಯವರಿಗೆ ಅನ್ನಿಸಿತು.

ಮನೆಗೆ ಬಂದವರು ನೇರ ಪುಸ್ತಕದ ಶೆಲ್ಫಿಗೆ ಹೋಗಿ ಮುಖವೊಡ್ಡಿ ನಿಂತರು. ಗಿರಿಜಾದೇವಿಗೆ ಇದು ಹೊಸದಲ್ಲ. ಮದುವೆಯಾದ ಮೂವತ್ತನಾಲ್ಕು ವರ್ಷಗಳಲ್ಲಿ ಗಂಡನ ಕಣ್ಣು ಒದ್ದೆಯಾಗುವ ಸೂಚನೆ ಕಂಡಾಗಲೆಲ್ಲ ಅವರಿಗೆ ಯಾವುದೋ ಪುಸ್ತಕ ತುರ್ತಾಗಿ ಬೇಕಾಗುತ್ತಿತ್ತು. ಟೀವಿಯಲ್ಲಿ ಧಾರಾವಾಹಿಯ ಸೊಸೆ ತವರಿಗೆ ಹೊರಟರೆ ಶೆಲ್ಫು. ಮಾವ ತೀರಿಕೊಂಡಾಗ ಶೆಲ್ಫು. ಮಗಳು ನಿಖಿತಾಳ ಮದುವೆಯಲ್ಲಿ ಮಾತ್ರ ಛತ್ರದಲ್ಲಿ ಶೆಲ್ಫಿಲ್ಲದೆ ಪರದಾಡಿ, ಅಡುಗೆಯವರಿಗೆ ಹೋಳಿಗೆಯ ಬಗ್ಗೆ ಏನೋ ಹೇಳುವುದಿದೆ ಎಂದು ಹೋದವರು ಗಾಡಿ ಹೊರಟ ಮೇಲೆಯೇ ಬಂದದ್ದು.

“ಯಾವ ಪುಸ್ತಕ?” ಎಂದರು ಗಿರಿಜಾದೇವಿ.

“ಸಿಕ್ತಿಲ್ಲ.”

“ಸಿಕ್ಕಿದ್ಮೇಲೆ ಬನ್ನಿ, ರೊಟ್ಟಿ ಆರೋಗುತ್ತೆ.”

ಎರಡು ದಿನ ಅವರು ಮೂರನೆಯ ಮುದ್ರಣಕ್ಕೆ ಒಂದು ಪುಟದ ಸೇರ್ಪಡೆ ಬರೆಯಲು ಕೂತರು. ಬೈಂಡಿಂಗಿಗೆ ಹೋದ ಪ್ರತಿಗಳೊಳಗೆ ಒಂದು ಬಿಡಿಹಾಳೆ ಇಡಬಹುದು ಎಂದು ಲೆಕ್ಕ. ಶುಕ್ರವಾರ ಬೆಳಿಗ್ಗೆ ಅದನ್ನು ಹೆಂಡತಿಯ ಕೈಗೆ ಕೊಟ್ಟರು. ಯಾವ ಸಂದರ್ಭ ಎಂದು ಹೇಳಲಿಲ್ಲ. ಗಿರಿಜಾದೇವಿ ಬದನೆಕಾಯಿ ಹೆಚ್ಚುವುದನ್ನು ಬಿಟ್ಟು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು: “‘ಪ್ರಸ್ತುತ ಘಟನೆಯ ಸಂದರ್ಭದಲ್ಲಿ ವೀಕ್ಷಕನ ಸ್ಥಾನವು ಸಂಪೂರ್ಣವಾಗಿ ಬಾಹ್ಯವಾಗಿತ್ತೆಂದು ಹೇಳಲಾಗದು. ಶವದ ಪಾತ್ರದಲ್ಲಿ ಕೆಲವು ಅನೈಚ್ಛಿಕ ಭಾವಾಭಿವ್ಯಕ್ತಿಗಳು ಕಂಡುಬಂದವೆಂಬುದನ್ನು ಈಗ ದಾಖಲಿಸುವುದು ಸೂಕ್ತವೆನಿಸುತ್ತದೆ.’”

ಹಾಳೆಯನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ನೋಡಿದರು.

“ಯಾರೋ ಏನೋ ಮಾಡಿದಾರೆ ಅಂತ ಗೊತ್ತಾಯ್ತು,” ಎಂದರು. “ಯಾರು, ಏನು ಅಂತ ಗೊತ್ತಾಗ್ಲಿಲ್ಲ. ಗೊತ್ತಾಗಬಾರ್ದು ಅಂತ ಬರ್ದಿದ್ರೆ ಚೆನ್ನಾಗಿದೆ.”

ಅವರು ಹಾಳೆಯನ್ನು ವಾಪಸು ಇಸಿದುಕೊಂಡು ನಾಲ್ಕಾಗಿ ಮಡಿಚಿ ಜೇಬಿಗೆ ಹಾಕಿಕೊಂಡರು. ಶಾಂತವ್ವನಿಗೆ ಹೆಸರು ಬೇಕು, ಉಣ್ಣುವ ಬಾಯಿ ಬೇಕು. ತಾವು ಕೊಡಲು ಸಿದ್ಧರಿದ್ದದ್ದು ಬಿಡಿಹಾಳೆ.

*

ಭಾನುವಾರ ಹನ್ನೊಂದು ಗಂಟೆಗೆ ಮಿನಿ ಹಾಲಿನಲ್ಲಿ ಎಂಬತ್ತು ಜನ ಸೇರಿದರು. ದೀಪದ ಕಂಬವನ್ನು ಅಕ್ಕಿ ತುಂಬಿದ ಹಿತ್ತಾಳೆ ತಟ್ಟೆಯ ಮೇಲೆ ಇಟ್ಟಿದ್ದರು. ಹಿಂಬದಿಯ ಮೇಜಿನ ಮೇಲೆ ‘ಯಾರೂ ಇಲ್ಲದ ರಂಗ’ದ ಪ್ರತಿಗಳನ್ನು ಗೋಡೆ ಕಟ್ಟಿದಂತೆ ಪೇರಿಸಿದ್ದರು. ಮುಖ್ಯ ಅತಿಥಿಗಳು ಒಬ್ಬ ನಿವೃತ್ತ ಪ್ರಾಧ್ಯಾಪಕರು. ಮೂರನೆಯ ಪುಟದ ಮೇಲೆ ಇಪ್ಪತ್ತು ನಿಮಿಷ ಮಾತಾಡಿದರು. “ಸೈಡ್‌ವಿಂಗಿನಲ್ಲಿ ನಿಂತ ಆ ತರುಣನ ಕಣ್ಣು ಇದೆಯಲ್ಲ, ಅದು ಕನ್ನಡದ ಆಧುನಿಕ ಕಣ್ಣು,” ಎಂದರು. ಚಪ್ಪಾಳೆ ಬಿತ್ತು. ಮೂರನೆಯ ಸಾಲಿನಲ್ಲಿ ಗಿರಿಜಾದೇವಿ ಕೈ ತಟ್ಟಲಿಲ್ಲ, ಗಂಡನನ್ನು ನೋಡುತ್ತಿದ್ದರು. ರುದ್ರಮುನಿಯವರ ಕಿವಿ ಬಿಸಿಯಾಗಿ, ಆ ಬಿಸಿ ಕುತ್ತಿಗೆಗೆ ಇಳಿಯಿತು. ಜೇಬಿನಲ್ಲಿ ಹಾಳೆ ಇತ್ತು. ತಮ್ಮ ಸರದಿ ಬಂದಾಗ ಎದ್ದು ಮೈಕಿನ ಮುಂದೆ ನಿಂತು, ಹಾಳೆಯನ್ನು ಮುಟ್ಟಿ ನೋಡಿ, ಪ್ರಕಾಶಕರಿಗೆ ವಂದನೆ ಹೇಳಿ ಕೂತರು.

ಅನಘಾ ಶಾಂತವ್ವನನ್ನು ವೇದಿಕೆಗೆ ಕರೆತಂದಳು. ಇಳಕಲ್ ಸೀರೆ, ಮುಡಿಯಲ್ಲಿ ಒಂದು ತುಂಡು ಕನಕಾಂಬರ. ಅವಳ ಸೆರಗಿನ ಅಂಚಿಗೆ ಕಾಲರ್ ಮೈಕು ಸಿಕ್ಕಿಸಿದಾಗ, “ಇದೇನವಾ ಜಿರಳಿ ಇದ್ದಂಗೈತಿ,” ಎಂದದ್ದು ಸ್ಪೀಕರಿನಲ್ಲಿ ಬಂದು ಸಭೆ ನಕ್ಕಿತು.

“ಅಜ್ಜಿ, ಆ ಸೀನು ಒಂದೈದು ನಿಮಿಷ ಮಾಡಿ ತೋರಿಸ್ತೀರಾ?”

“ಮಾಡ್ತೀನಿ. ಹೆಣ ಬೇಕಲ್ಲ?” ಶಾಂತವ್ವ ಸಭೆಯ ಮೇಲೆ ಕಣ್ಣಾಡಿಸಿದಳು. “ಯಾರರ ಬರ್ರಿ. ಖರ್ಚೇನಿಲ್ಲ.”

ಮತ್ತೆ ನಗು. ಒಬ್ಬರು ಇನ್ನೊಬ್ಬರ ಮೊಣಕೈ ತಿವಿದರು. ಮುಖ್ಯ ಅತಿಥಿಗಳು ತಮಗೆ ಸ್ಲಿಪ್ ಡಿಸ್ಕ್ ಇದೆ ಎಂದು ಪಕ್ಕದವರಿಗೆ ತಿಳಿಸಿದರು. ರುದ್ರಮುನಿಯವರು ಎದ್ದರು. ಕನ್ನಡಕ ತೆಗೆದು ಕುರ್ಚಿಯ ಮೇಲಿಟ್ಟು, ಚಪ್ಪಲಿ ಬಿಟ್ಟು, ವೇದಿಕೆಯ ನಡುವೆ ಜಮಖಾನದ ಮೇಲೆ ಅಂಗಾತ ಮಲಗಿಬಿಟ್ಟರು.

ಇದೇ ತಮ್ಮ ತಪ್ಪೊಪ್ಪಿಗೆ, ಬಾಯಿಂದ ಬರದ್ದು ಬೆನ್ನಿನಿಂದ ಬರಲಿ ಎಂದು ಅವರು ಅಂದುಕೊಂಡಿದ್ದರು. ಸಭೆ ಹಾಗೆ ತಿಳಿಯಲಿಲ್ಲ. “ಏನ್ ಸ್ಪೋರ್ಟಿವ್ ಗುರು ಮೇಷ್ಟ್ರು!” ಎಂದು ಯಾರೋ ಹುಡುಗ ಅಂದ. ಜೋರು ಚಪ್ಪಾಳೆ. ಫೋನುಗಳು ಮೇಲೆದ್ದವು. ಅವರು ಕಣ್ಣು ಮುಚ್ಚಿದರು. ಎಂಬತ್ತು ಜನರ ಮೆಚ್ಚುಗೆ ಬೆನ್ನ ಕೆಳಗಿನ ಹಲಗೆಯಲ್ಲಿ ಕೇಳಿಸಿತು. ಎಂಟುನೂರು ಜನರ ನಗುವಿಗಿಂತ ಅದು ಹೆಚ್ಚು ಚುಚ್ಚಿತು.

ಶಾಂತವ್ವ ಮೊಣಕಾಲು ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಸೊಂಟದ ನೋವಿಗೆ ಸಣ್ಣಗೆ ನರಳಿದ್ದೂ ಸ್ಪೀಕರಿನಲ್ಲಿ ಬಂತು. ಆಮೇಲೆ ಬಗ್ಗಿ ಅವರ ಎಡಗೈಯನ್ನು ನೋಡಿದಳು.

“ಈ ಕೈ ಹಿಂಗ ಇಡೂದು ನಿಮಗ ಯಾರ ಹೇಳಿಕೊಟ್ರು?” ಎಂದಳು.

ಅವರಿಗೇ ಗೊತ್ತಿರಲಿಲ್ಲ. ಎಡಗೈ ಮೈಯಿಂದ ಒಂದು ಮೊಳ ದೂರ, ಅಂಗೈ ಮೇಲಕ್ಕೆ, ಬೆರಳು ಅರೆ ಮಡಚಿ ತಾನಾಗಿ ಬಿದ್ದಿತ್ತು. ಅಳುವವಳು ಪ್ರೇಕ್ಷಕರಿಗೆ ಬೆನ್ನು ಹಾಕದೆ ಮಗನ ಕೈ ಹಿಡಿಯಲೆಂದು ಆ ಕಂಪನಿಯಲ್ಲಿ ಮಾತ್ರ ಹೆಣವನ್ನು ಹಾಗೆ ಮಲಗಿಸುತ್ತಿದ್ದರು. ನಲವತ್ತು ವರ್ಷದ ಹಿಂದೆ ಪರದೆ ಏಳುವ ಅರ್ಧ ನಿಮಿಷ ಮೊದಲು ಅವಳೇ ಬಗ್ಗಿ ಆ ಕೈಯನ್ನು ಹಾಗೆ ಇಟ್ಟಿದ್ದಳು. ಅವರು ಮರೆತಿದ್ದರು. ಕೈ ಮರೆತಿರಲಿಲ್ಲ.

ಹೆಣ ಮಾತಾಡುವಂತಿಲ್ಲ. ಆ ನಿಯಮದ ಮರೆಯಲ್ಲಿ ಅವರು ಇನ್ನೂ ಒಂದಿಷ್ಟು ಹೊತ್ತು ಅಡಗಿಕೊಂಡರು.

ಶಾಂತವ್ವ ಎರಡನೆಯ ಸಲ ಕೇಳಲಿಲ್ಲ. ಕೈ ಹಿಡಿದು ಹಾಡಿದಳು. ಸ್ವರ ಒಡೆದಿತ್ತು. ಮೇಲಿನ ಮನೆಗೆ ಏರಲು ಹೋಗಿ ಕೆಮ್ಮಿ, ಕೆಳಗೇ ಕೂತು, ಹಾಡಬೇಕಾದ್ದನ್ನು ಮಾತಿನಲ್ಲೇ ಹೇಳಿದಳು: “ಮಗನ, ನಿನ್ನ ಬಿಟ್ಟ ಯಾವ ಬಾಗಲಕ್ಕ ಹೋಗಲೋ.” ರುದ್ರಮುನಿಯವರು ಕಾದರು. ಈಗ ಬರಲಿ, ಈಗಲಾದರೂ ಬರಲಿ, ಎಲ್ಲರೂ ನೋಡಲಿ ಎಂದು ಮುಚ್ಚಿದ ಕಣ್ಣುಗಳ ಹಿಂದೆ ಬೇಡಿಕೊಂಡರು. ಒಂದು ಹನಿ ಬರಲಿಲ್ಲ. ನಲವತ್ತು ವರ್ಷ ಶೆಲ್ಫಿಗೆ ಮುಖವೊಡ್ಡಿದ ಕಣ್ಣು ಒಣಗಿಯೇ ಇತ್ತು. ಅವರು ಬೋಧಿಸಿದ ನಟನಾಗಿ ಅವರೇ ಅಲ್ಲಿ ಮಲಗಿದ್ದರು.

ಸೆರಗು ಮುಖದ ಮೇಲೆ ಬಿತ್ತು. ಶಾಂತವ್ವ ಬಗ್ಗಿ, ಬಟ್ಟೆಯೊಳಕ್ಕೆ ಬಾಯಿಟ್ಟು ಪಿಸುಗುಟ್ಟಿದಳು.

“ಈಗ ಅಳಂಗಿಲ್ಲ ನೀ. ಕಲತಿ.”

ಅವರು ಕಣ್ಣು ತೆರೆದರು. ಸೆರಗಿನ ಕೆಂಪು ಕತ್ತಲೆಯಲ್ಲಿ, ತುಟಿಯಿಂದ ನಾಲ್ಕು ಬೆರಳಿನಾಚೆ, ಜಿರಳೆಯಂಥ ಮೈಕು ಕೂತಿತ್ತು. ಸಾಸಿವೆ ಕಾಳಿನಷ್ಟು ಹಸಿರು ದೀಪ ಉರಿಯುತ್ತಿತ್ತು. ಆ ಪಿಸುಮಾತನ್ನು ಇಡೀ ಹಾಲು ಕೇಳಿತ್ತು.

“ಹೆಸರ ಹೇಳಪಾ,” ಎಂದಳು ಶಾಂತವ್ವ.

ಮೈಕು ಚಾಲೂ ಇದೆಯೆಂದು ಅವರಿಗೆ ಗೊತ್ತಿತ್ತು. ಕೈಯಿಂದ ಮುಚ್ಚಬಹುದಿತ್ತು. ಕಿವಿಯಲ್ಲಿ ಹೇಳುತ್ತೇನೆ ಎಂದು ಸನ್ನೆ ಮಾಡಬಹುದಿತ್ತು. ಕೈ ಅವಳ ಕೈಯಲ್ಲಿತ್ತು. ಬಿಡಿಸಿಕೊಳ್ಳಲಿಲ್ಲ.

“ರುದ್ರಮುನಿ,” ಎಂದರು. “ಸೈಡ್‌ವಿಂಗಲ್ಲಿ ಯಾರೂ ನಿಂತಿರ್ಲಿಲ್ಲ ಅವ್ವಾ. ಇಲ್ಲಿ ಮಲಗಿದ್ದೋನು ನಾನೇ. ಅತ್ತೋನು ನಾನೇ. ಮೊನ್ನೆ ನೀವು ಮನೇಲಿ ಕೇಳ್ದಾಗ ಗೊತ್ತಿಲ್ಲ ಅಂದ್ನಲ್ಲ, ಅದೂ ಸುಳ್ಳು.”

ಸ್ಪೀಕರು ಅದನ್ನು ಗೋಡೆಗೆ ಬಡಿದು ಇನ್ನೊಂದು ಸಲ ಹೇಳಿತು. ಹಿಂದಿನ ಸಾಲಿನಲ್ಲಿ ಒಬ್ಬರು ಇದೂ ನಾಟಕದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಲು ಶುರುಮಾಡಿ, ತಾವೊಬ್ಬರೇ ತಟ್ಟುತ್ತಿರುವುದು ಗೊತ್ತಾಗಿ, ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡರು.

ಸೆರಗು ಸರಿಯಿತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎಲ್ಲರೂ ಇದ್ದರು. ಅನಘಾ ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದಳು. ಅವಳ ಕಣ್ಣಲ್ಲಿ ಇದ್ದದ್ದು ಆಶ್ಚರ್ಯವಷ್ಟೇ ಅಲ್ಲ, ಆಟೋದಲ್ಲಿ ತಾನು ಆಡಿದ ಒಂದೊಂದು ಮಾತನ್ನೂ ಅವಳು ವಾಪಸು ಕೇಳಿಸಿಕೊಳ್ಳುತ್ತಿದ್ದಳು. ಮುಖ್ಯ ಅತಿಥಿಗಳು ಫೋನಿನಲ್ಲಿ ಏನನ್ನೋ ಬಹಳ ಮುತುವರ್ಜಿಯಿಂದ ಓದುತ್ತಿದ್ದರು. ರುದ್ರಮುನಿಯವರು ಎದ್ದು ಕೂತರು. ಈಗ, ಯಾರಿಗೂ ಬೇಡವಾದ ಹೊತ್ತಿನಲ್ಲಿ, ಕಣ್ಣು ತುಂಬಿಕೊಂಡಿತು. ಅಭ್ಯಾಸಬಲದಿಂದ ಕತ್ತು ತಾನೇ ತಿರುಗಿ ಪುಸ್ತಕ ಹುಡುಕಿತು. ಇಡೀ ಹಾಲಿನಲ್ಲಿದ್ದ ಪುಸ್ತಕಗಳೆಂದರೆ ಹಿಂಬದಿಯ ಮೇಜಿನವು. ಎಲ್ಲವೂ ಅವರವೇ, ಎಲ್ಲದರ ಮೇಲೂ ಅವರ ಹೆಸರು. ಕತ್ತು ವಾಪಸು ತಿರುಗಿಸಬೇಕಾಯಿತು.

“ಏಳಬ್ಯಾಡ, ಕೂಡು,” ಎಂದಳು ಶಾಂತವ್ವ. “ಅಕ್ಕಿ ತರ್ರಿ ಯಾರರ.”

ಅನಘಾಳನ್ನು ಬಿಟ್ಟು ಯಾರಿಗೂ ಅರ್ಥವಾಗಲಿಲ್ಲ, ಅವಳಿಗೋ ಬಾಯಿಯ ಮೇಲಿನ ಕೈ ಇನ್ನೂ ತೆಗೆಯಲಾಗಿರಲಿಲ್ಲ. ಮೂರನೆಯ ಸಾಲಿನಿಂದ ಗಿರಿಜಾದೇವಿ ಎದ್ದು ಬಂದು, ಉರಿಯುತ್ತಿದ್ದ ದೀಪದ ಕಂಬವನ್ನು ಎತ್ತಿ ಪಕ್ಕಕ್ಕಿಟ್ಟು, ಕೆಳಗಿದ್ದ ಅಕ್ಕಿಯ ತಟ್ಟೆಯನ್ನು ಶಾಂತವ್ವನ ಮುಂದಿಟ್ಟರು. ಗಂಡ ಕೈವಸ್ತ್ರಕ್ಕೆ ಜೇಬು ತಡಕುವುದನ್ನು ಕಂಡು ತಗ್ಗಿದ ದನಿಯಲ್ಲಿ, “ಒರೆಸ್ಕೋಬೇಡಿ. ಎಲ್ರೂ ನೋಡಾಯ್ತು,” ಎಂದು ಅಲ್ಲೇ ವೇದಿಕೆಯ ಅಂಚಿನಲ್ಲಿ ಕೂತರು. ಕೈವಸ್ತ್ರದ ಬದಲು ಜೇಬಿನಿಂದ ನಾಲ್ಕಾಗಿ ಮಡಿಚಿದ ಹಾಳೆ ಬಂತು.

ಶಾಂತವ್ವ ಒಂದು ಬೊಗಸೆ ಅಕ್ಕಿ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು. “ಕಲ್ಲಽ ಇಲ್ಲ ಇದರಾಗ. ಎಲ್ಲಾ ಮಷೀನ,” ಎಂದಳು. ಆದರೂ ಒಂದು ಕಾಳನ್ನು ಬೆರಳ ತುದಿಯಲ್ಲಿ ಎತ್ತಿ ಬದಿಗಿಟ್ಟಳು.

“ರುದ್ರಮುನಿ.”

ಸ್ಪೀಕರು ಹೇಳಿತು: ರುದ್ರಮುನಿ.

ಇನ್ನೊಂದು ಕಾಳು. “ರುದ್ರಮುನಿ. ನಾಳೆ ಮನಿಗೆ ಬಂದ ಉಣಬೇಕು. ಬಸ್ಸ ಹತ್ತಿ ಓಡಿದಿ ಅಂದ್ರ ನೋಡ.”

“ಬರ್ತೀನಿ ಅವ್ವಾ.”

“ರುದ್ರಮುನಿ.”

ಮೈಕು ಆಫ್ ಮಾಡಿ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಬೇರೆ ಯಾರಿಗೂ ತೋಚಲಿಲ್ಲ. ಒಂದೊಂದು ಕಾಳಿಗೆ ಒಂದೊಂದು ಸಲ ಆ ಹೆಸರು ಎಂಬತ್ತು ಜನರ ತಲೆಯ ಮೇಲಿಂದ ಹಾದು ಹಿಂದಿನ ಮೇಜಿಗೆ ತಾಗಿ ಬರುತ್ತಿತ್ತು. ರುದ್ರಮುನಿಯವರು ಚಕ್ಕಳಮಕ್ಕಳ ಹಾಕಿಕೊಂಡು, ಒದ್ದೆ ಮುಖವನ್ನು ಎಲ್ಲಿಡಬೇಕೆಂದು ತಿಳಿಯದೆ, ಮೊಣಕಾಲ ಮೇಲಿನ ತಮ್ಮ ಕೈಗಳನ್ನು ನೋಡುತ್ತ ಕೂತರು.

ಬಹಳ ಹೊತ್ತಿನ ಮೇಲೆ ಪ್ರಕಾಶಕರು ಬಗ್ಗಿ ಬಂದು, ಪುಸ್ತಕಕ್ಕೆ ಕಟ್ಟಿದ್ದ ರಿಬ್ಬನ್ನನ್ನು ತೋರಿಸಿ, “ಅಮ್ಮಾ, ಅದು... ಬಿಡುಗಡೆ ಒಂದು...” ಎಂದರು.

ಶಾಂತವ್ವ ತಲೆಯೆತ್ತಲಿಲ್ಲ.

“ತಡೀರಿ ಸ್ವಲ್ಪ,” ಎಂದಳು. “ಇವಂದು ಇನ್ನೂ ಭಾಳ ಐತಿ.”